ಆನೆಯನ್ನು ‘ಬಾ’ ಎಂದು ಕರೆದ ತಪ್ಪು

ಇಬ್ಬರಿಗೆ, ಹದಿನಾಲ್ಕು ದಿನಕ್ಕೆ, ವಿಮಾನದ ಟಿಕೆಟು, ಊಟ, ವಸತಿ ಎಲ್ಲ ಸೇರಿ ಎರಡು ಲಕ್ಷದ ಹದಿನೆಂಟು ಸಾವಿರ ರೂಪಾಯಿ. ಅಷ್ಟು ಕೊಟ್ಟು ಥಾಯ್ಲೆಂಡಿಗೆ ಹೋಗಿ ನಾನು ಮಾಡಿದ ಕೆಲಸ ಆನೆಯ ಲದ್ದಿ ಬಾಚುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕುಂದಾಪುರದಲ್ಲಿ ನನ್ನನ್ನು ಬಲ್ಲ ಯಾರೂ ಇದನ್ನು ನಂಬಲಿಲ್ಲ. ಬುಟ್ಟಿ ಹೊತ್ತು ಬೈಂದೂರು ಬಸ್ಸಿನಲ್ಲಿ ಬಾಳೆಹಣ್ಣು ಮಾರುತ್ತ ಶುರು ಮಾಡಿದವಳು ನಾನು. ಈಗ ಪೇಟೆಯಲ್ಲಿ ಸ್ವಂತ ಸಗಟು ಅಂಗಡಿ ಇದೆ. ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವಳಲ್ಲ. ಸಾಸ್ತಾನದ ಟೋಲಿನಲ್ಲಿ ಕೂಡ ಒಂದು ಸಲ ಚೌಕಾಸಿ ಮಾಡಿ ನೋಡಿದ್ದೇನೆ. ಅಂಥವಳು ದುಡ್ಡು ಪಡೆದು ಮಾಡುವ ಕೆಲಸವನ್ನು ದುಡ್ಡು ಕೊಟ್ಟು ಮಾಡಲು ಹೊರಟಳೆಂದರೆ ಜನ ಸುಮ್ಮನಿರುತ್ತಾರೆಯೇ?

ಪಕ್ಕದ ಹೂವಿನಂಗಡಿಯವಳು ಮಾಲೆ ಕಟ್ಟುತ್ತಲೇ ಕೇಳಿದಳು.

“ಅಲ್ದಾ ಅಕ್ಕ, ಸಗಣಿ ಬಾಚುಕೆ ಅಷ್ಟ್ ದೂರ ಯಾಕ್ ಹೋಪುದ್? ನಮ್ಮನಿ ಹಟ್ಟಿಗ್ ಬನ್ನಿ. ಐನೂರ್ ರೂಪಾಯ್ ತಕಂಡ್ ಬಾಚುಕೆ ಬಿಡ್ತೆ.”

“ಮಧ್ಯಾಹ್ನ ಊಟ ಕೊಡ್ತ್ಯಾ?”

“ಊಟ ಬೇರೆ ಬೇಕಾ? ಹಾಂಗಾರೆ ಏಳ್ನೂರ್.”

ಹೋಗಲು ಕಾರಣ ನನ್ನ ತಂಗಿಯ ಮಗಳು. ಪಶುವೈದ್ಯ ಓದುತ್ತಿದ್ದಾಳೆ, ಕೊನೆಯ ವರ್ಷ. ಥಾಯ್ಲೆಂಡಿನ ಉತ್ತರದ ಗುಡ್ಡಗಳ ನಡುವೆ, ಮರ ಎಳೆದು ಎಳೆದು, ಜನರನ್ನು ಹೊತ್ತು ಹೊತ್ತು ಸೋತ ಆನೆಗಳನ್ನು ತಂದು ಸಾಕುವ ಒಂದು ಜಾಗ ಇದೆ. ಹೊರಗಿನವರು ಅಲ್ಲಿ ತಮ್ಮ ಖರ್ಚಿನಲ್ಲೇ ಹೋಗಿ ಕೆಲಸ ಮಾಡಿಕೊಡಬಹುದು. ಆ ಖರ್ಚಿನ ದುಡ್ಡೇ ಆನೆಗಳ ಮೇವಿಗೆ ಹೋಗುತ್ತದೆ. ಅಲ್ಲಿಗೆ ಹೋಗಬೇಕೆಂದು ಹುಡುಗಿ ಹಟ ಹಿಡಿದಳು. ಬಸ್ರೂರಿನಲ್ಲಿರುವ ನನ್ನ ತಂಗಿ ಅದಕ್ಕಿಂತ ದೊಡ್ಡ ಹಟ ಹಿಡಿದಳು.

“ಅಕ್ಕ, ನೀ ಒಟ್ಟಿಗ್ ಹೋತ್ಯಾದ್ರೆ ಕಳ್ಸ್ತೆ. ಇಲ್ದಿದ್ರೆ ಇಲ್ಲ.”

ಹಾಗೆ ಕಾವಲಿಗೆಂದು ಹೊರಟವಳು ನಾನು. ಕಾವಲಿಗೆ ಬರುವವರಿಗೆ ಬೇರೆ ದರ ಉಂಟೇ ಎಂದು ಅಲ್ಲಿಯ ಡಾಕ್ಟರಮ್ಮನನ್ನು ವಿಡಿಯೋ ಕಾಲಿನಲ್ಲಿ ಕೇಳಿದೆ. ಆಕೆ ಅದೇ ದೇಶದವಳು, ನಲವತ್ತರ ಹೆಂಗಸು, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನನ್ನ ಮಾತನ್ನು ಅವಳಿಗೆ, ಅವಳ ಮಾತನ್ನು ನನಗೆ ದಾಟಿಸುವ ಕೆಲಸ ಹುಡುಗಿಯದು. ಇಬ್ಬರು ಬರುತ್ತೇವೆ, ಹತ್ತು ಪರ್ಸೆಂಟಾದರೂ ಬಿಡಿ ಎಂದೆ. ಡಾಕ್ಟರಮ್ಮ ನಗುತ್ತ, “ಆಗಬಹುದು, ಬಂದ ಮೇಲೆ ಆನೆಗಳಿಗೆ ನೀವೇ ಹೇಳಿ, ಹತ್ತು ಪರ್ಸೆಂಟ್ ಕಡಿಮೆ ತಿನ್ನಿ ಅಂತ” ಎಂದಳು. ಇಂಥ ಉತ್ತರ ಕೊಡುವವರ ಹತ್ತಿರ ಹೆಚ್ಚು ಎಳೆಯಬಾರದು. ವಿಮಾನ ನಿಲ್ದಾಣಕ್ಕೆ ಅವರದೇ ಗಾಡಿ ಬರಬೇಕು ಎಂಬುದೊಂದನ್ನು ಒಪ್ಪಿಸಿಕೊಂಡು ಬಿಟ್ಟೆ.

ಅಲ್ಲಿ ಕೆಲಸ ಬೆಳಿಗ್ಗೆ ಆರೂವರೆಗೆ ಶುರು. ಲದ್ದಿ ಬಾಚಿ ಕೈಗಾಡಿಗೆ ತುಂಬುವುದು, ಕುಂಬಳಕಾಯಿ ತೊಳೆಯುವುದು, ಬಾಳೆದಿಂಡು ಕಡಿಯುವುದು. ಆನೆಯ ಲದ್ದಿಯ ಬಗ್ಗೆ ಹೆದರುವಂಥದ್ದು ಏನೂ ಇಲ್ಲ, ಒದ್ದೆ ಹುಲ್ಲಿನ ವಾಸನೆ ಅಷ್ಟೆ, ನಮ್ಮ ಹಟ್ಟಿಗಿಂತ ಎಷ್ಟೋ ವಾಸಿ. ಬೇರೆ ಬೇರೆ ದೇಶಗಳಿಂದ ಬಂದ ಹುಡುಗ ಹುಡುಗಿಯರು ಒಂದೊಂದು ಗಾಡಿ ತುಂಬಿದ ಕೂಡಲೇ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಆ ಹೊತ್ತಿಗೆ ಇನ್ನೊಂದು ಗಾಡಿ ತುಂಬುತ್ತಿದ್ದೆ. ಕೊಟ್ಟ ದುಡ್ಡಿಗೆ ಪೂರ್ತಿ ಕೆಲಸ ಮಾಡದೆ ಬರುವುದು ನನ್ನ ಜಾಯಮಾನವಲ್ಲ.

ಎರಡನೆಯ ದಿನ ಬಾಳೆಹಣ್ಣಿನ ಕೊಟ್ಟಿಗೆ ನೋಡಿದೆ. ನೋಡಿ ಸುಮ್ಮನಿರಲು ಆಗಲಿಲ್ಲ. ಹಣ್ಣಾದ ಗೊನೆ ಅಡಿಯಲ್ಲಿ, ಕಾಯಿ ಮೇಲೆ. ಅಡಿಯದು ಜಜ್ಜಿ ರಸ ಬಿಟ್ಟು, ನೊಣ ಮುತ್ತಿ, ದಿನಾ ಎರಡು ಬುಟ್ಟಿ ಎಸೆಯುತ್ತಿದ್ದರು. ಹುಡುಗಿಯನ್ನು ಕರೆದು, ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಎಲ್ಲವನ್ನೂ ಹೊರಗೆ ತೆಗೆದು, ಕಾಯಿ ಒಂದು ಕಡೆ, ದೋರೆಗಾಯಿ ಒಂದು ಕಡೆ, ಹಣ್ಣು ಬಾಗಿಲ ಬಳಿ ಎಂದು ಜೋಡಿಸಿದೆವು. ಸಂಜೆ ಡಾಕ್ಟರಮ್ಮ ಬಂದು ನೋಡಿ, “ಈ ಕೆಲಸ ಬರುತ್ತದೆಂದು ಮೊದಲೇ ಹೇಳಿದ್ದರೆ ಹತ್ತು ಪರ್ಸೆಂಟ್ ಬಿಡುತ್ತಿದ್ದೆ” ಎಂದಳು.

“ಈಗ್ಳೂ ಬಿಡ್ಲಕ್ಕ್ ಅಂದ್ ಹೇಳ್ ಮಗಾ” ಎಂದೆ ಹುಡುಗಿಗೆ. ಅವಳು ಅದನ್ನು ಮಾತ್ರ ದಾಟಿಸಲಿಲ್ಲ.

ಮೂರನೆಯ ದಿನ ನಮಗೆ ಒಂದು ಮುದಿ ಹೆಣ್ಣಾನೆಯನ್ನು ವಹಿಸಿದರು. ಎಲ್ಲರೂ ಅವರ ಮಾತಿನಲ್ಲಿ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದರು, ನಾನೂ ಅಜ್ಜಿ ಎಂದೆ. ಮುಂಗಾಲಿನ ಉಗುರಿನ ಹಿಂದೆ ಕೀವುಗಟ್ಟಿ ಊದಿತ್ತು. ಕಾಲು ಊರಲಾರದೆ ಮರಕ್ಕೆ ಒರಗಿ ನಿಲ್ಲುತ್ತಿದ್ದಳು. ಮಾತ್ರೆ ಬರೆದಿದ್ದರು, ಆದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿರಲಿಲ್ಲ. ಬಾಳೆಹಣ್ಣಿನಲ್ಲಿಟ್ಟರೆ ಹಣ್ಣು ನುಂಗಿ ಮಾತ್ರೆ ಉಗಿಯುತ್ತಿದ್ದಳು. ಅನ್ನದ ಉಂಡೆಯಲ್ಲಿ ಪುಡಿ ಮಾಡಿ ಕಲಸಿದರೆ ಉಂಡೆಯನ್ನೇ ನೆಲಕ್ಕೆ ಹಾಕಿ ಹೊಸಕುತ್ತಿದ್ದಳು.

ಸಂಜೆ ಕೈ ತೊಳೆಯುವಾಗ ಹುಡುಗಿ ಸಣ್ಣ ಮುಖ ಮಾಡಿಕೊಂಡು ಹೇಳಿದಳು. “ದೊಡ್ಡಮ್ಮ, ಇನ್ನ್ ಐದ್ ದಿನ ಕಾಂತ್ರಂಬ್ರ್. ಅಷ್ಟ್ರೊಳ್ಗೆ ಮಾತ್ರೆ ಹೋಯಿಲ್ಲ ಅಂದ್ರೆ ಮರದ ಚೌಕಟ್ಟಿಗ್ ಕಟ್ಟಿ ಇಂಜೆಕ್ಷನ್ ಕೊಡುದಂಬ್ರ್.”

“ಕಟ್ಟಿರೆ ಎಂತ ಆತ್ತ್?”

“ಹಿಂದೆ ಒಂದ್ ಸಲ ಕಟ್ಟಿದ್ರಂಬ್ರ್. ಮೂರ್ ದಿನ ನೀರೂ ಮುಟ್ಲಿಲ್ಯಂಬ್ರ್. ಈಗ ಈ ಪ್ರಾಯದಲ್ಲ್ ಹಾಂಗೆ ಮಾಡಿರೆ ಉಳಿತ್ತಾ ಇಲ್ಯಾ ಅಂದ್ ಡಾಕ್ಟ್ರಿಗೂ ಹೆದ್ರಿಕೆ.”

ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿದ್ದಾಗ ಅಜ್ಜಿಯನ್ನು ಸರಪಳಿ ಬಿಗಿದು ಬಹಳ ಗೋಳು ಹೊಯ್ದುಕೊಂಡಿದ್ದರಂತೆ. ಹಗ್ಗ ಕಂಡರೆ ಈಗಲೂ ಮೈ ನಡುಗುತ್ತದಂತೆ. ಅಂದರೆ ಐದು ದಿನದೊಳಗೆ ಮಾತ್ರೆ ತಿನ್ನಿಸಬೇಕು, ಇಲ್ಲವಾದರೆ ಅವಳ ಜೀವಕ್ಕೇ ಸಂಚಕಾರ.

ನಾನು ಮರುದಿನ ಬೆಳಿಗ್ಗೆ ದೂರ ಕೂತು, ಅವರು ಮಾತ್ರೆ ತಿನ್ನಿಸುವ ಕ್ರಮವನ್ನು ನೋಡಿದೆ. ಮಾತ್ರೆ ಇರುವ ಉಂಡೆಯನ್ನು ಎಲ್ಲ ತಿಂಡಿ ಮುಗಿದ ಮೇಲೆ, ಕಡೆಗೆ, ಒಂದೇ ಒಂದು ಕೊಡುತ್ತಿದ್ದರು. ವ್ಯಾಪಾರ ಗೊತ್ತಿದ್ದವರು ಇದನ್ನು ಮಾಡುವುದಿಲ್ಲ. ಗಿರಾಕಿಯ ಚೀಲ ತುಂಬಿ, ಅವಸರ ಏನೂ ಇಲ್ಲದಾಗ ಒಂದೇ ಒಂದು ಗೊನೆ ಮುಂದಿಟ್ಟರೆ, ಅವನು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಮೂಸುತ್ತಾನೆ, ಕಪ್ಪು ಚುಕ್ಕಿ ಹುಡುಕುತ್ತಾನೆ. ಅದೇ ಗೊನೆಯನ್ನು ಅವನಿಗೆ ಕೊಡುವಾಗ ಅದಕ್ಕಿಂತ ಚೆಂದದ್ದು ನನ್ನ ಇನ್ನೊಂದು ಕೈಯಲ್ಲಿ ಕಾಣುತ್ತಿರಬೇಕು. ಮೊದಲಿನದನ್ನು ಬೇಗ ಚೀಲಕ್ಕೆ ಹಾಕಿ ಎರಡನೆಯದಕ್ಕೆ ಕೈ ಚಾಚುತ್ತಾನೆ.

ಡಾಕ್ಟರಮ್ಮನನ್ನು ಕೇಳಿದೆ, ಹುಣಸೆಹುಳಿ ಕೊಡಬಹುದೇ ಎಂದು. ಧಾರಾಳವಾಗಿ ಎಂದಳು. ಸಂತೆಗೆ ಹೋದೆವು. ಅಲ್ಲಿ ಸಿಹಿ ಹುಣಸೆಯೂ ಸಿಗುತ್ತದೆ, ಅದು ಬೇಡ. ನಮ್ಮಲ್ಲಿ ಮಳೆಗಾಲಕ್ಕೆ ಉಪ್ಪು ಹಾಕಿ ಉಂಡೆ ಕಟ್ಟಿಡುವಂಥ, ಹಲ್ಲು ಜುಮ್ಮೆನ್ನುವ ಕಪ್ಪು ಹುಳಿ ಬೇಕಿತ್ತು. ಮಾರುವ ಹೆಂಗಸು ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸಿದಳು. ನಾನು ಅದರ ಅರ್ಧ ಒತ್ತಿ ತೋರಿಸಿದೆ. ಅವಳು ಎದೆಗೆ ಕೈಯಿಟ್ಟು, ನಾನು ಅವಳ ಕುತ್ತಿಗೆ ಕೊಯ್ದೆ ಎಂಬಂತೆ ನೋಡಿದಳು. ಒಂದು ಮಾತೂ ಅರ್ಥವಾಗದೆ ಹತ್ತು ನಿಮಿಷ ಮಾತಾಡಿದೆವು. ಊರು ಬಿಟ್ಟ ಮೇಲೆ ನನಗೆ ಮೊದಲ ಸಲ ಮನೆಯಲ್ಲಿದ್ದಂತೆ ಅನಿಸಿತು.

ಹುಳಿ, ಉಪ್ಪು, ಸ್ವಲ್ಪ ಬೆಲ್ಲ ಸೇರಿಸಿ ಉಂಡೆ ಕಟ್ಟಿದೆ. ಆರು ಉಂಡೆಯಲ್ಲಿ ಮಾತ್ರೆಯ ಪುಡಿ ಇದ್ದದ್ದು ಮೂರು ಮತ್ತು ನಾಲ್ಕನೆಯದರಲ್ಲಿ ಮಾತ್ರ. ಬೇಲಿಯ ಈಚೆ ನಿಂತು, ನಮ್ಮೂರಿನ ದನವನ್ನು ಕರೆಯುವಂತೆ ಗಟ್ಟಿಯಾಗಿ ಕರೆದೆ.

“ಬಾ ಅಜ್ಜಿ, ಬಾ ಬಾ ಬಾ.”

ಅಜ್ಜಿ ಕಿವಿ ಬೀಸಿದಳು, ಕುಂಟುತ್ತ ಬಂದಳು. ಒಂದು, ಎರಡು. ಮೂರನೆಯದನ್ನು ಕೊಡುವಾಗಲೇ ನಾಲ್ಕನೆಯದು ಎಡಗೈಯಲ್ಲಿ ಕಾಣುತ್ತಿತ್ತು. ಗುಳುಂ. ನಾಲ್ಕನೆಯದಕ್ಕೆ ಐದನೆಯದು. ಗುಳುಂ. ಹುಡುಗಿ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು. ಡಾಕ್ಟರಮ್ಮ ಪುಸ್ತಕದಲ್ಲಿ ಬರೆದುಕೊಂಡಳು. ಮರುದಿನವೂ ಅದೇ, ‘ಬಾ ಬಾ’ ಎಂದು ನಾಲ್ಕು ಗುಡ್ಡಕ್ಕೆ ಕೇಳುವಂತೆ ಕರೆದೆ. ಖುಷಿಯಲ್ಲಿ ನಾನು ಅಜ್ಜಿಯ ಪಕ್ಕದಲ್ಲಿ ನಿಂತ ಮಾವುತನ ಮುಖ ನೋಡಲಿಲ್ಲ.

ಮಾವುತನಿಗೆ ಅರವತ್ತರ ಮೇಲೆ ಪ್ರಾಯ, ಒಣಕಲು ಮೈ, ಮಾತು ಕಮ್ಮಿ. ಅಜ್ಜಿ ಇಲ್ಲಿಗೆ ಬಂದ ದಿನದಿಂದ ಅವಳ ಜೊತೆಗೇ ಇದ್ದವನು. ಉಂಡೆ ಶುರು ಮಾಡಿದ ಮೂರನೆಯ ದಿನ ನಾನು ಬಂದು ‘ಬಾ’ ಎಂದದ್ದೇ ತಡ, ಅವನು ಅಜ್ಜಿಯ ಕಿವಿಯ ಹತ್ತಿರ ಏನೋ ಹೇಳಿ, ಅವಳನ್ನು ಹೊಳೆಯ ಆಚೆ ಕರೆದುಕೊಂಡು ಹೋದ. ಉಂಡೆ ಅಲ್ಲಿಟ್ಟು ಹೋಗಲಿ, ನಾನೇ ತಿನ್ನಿಸುತ್ತೇನೆ ಎಂದನಂತೆ. ತಿನ್ನಿಸಿದ. ಒಂದೊಂದಾಗಿ, ಮರ್ಯಾದೆಯಿಂದ, ಸಾವಕಾಶವಾಗಿ ತಿನ್ನಿಸಿದ. ಅಜ್ಜಿ ಮರ್ಯಾದೆಯಿಂದಲೇ ಮೂಸಿ, ಮೂರು ಮತ್ತು ನಾಲ್ಕನೆಯದನ್ನು ಆರಿಸಿ ಎಸೆದಳು.

ನನಗೆ ಗೊತ್ತಿದ್ದ ಲೆಕ್ಕ ಒಂದೇ. ಅವನ ಕೆಲಸದಲ್ಲಿ ನಾನು ಕೈ ಹಾಕಿದ್ದೇನೆ, ಅವನಿಗೂ ಏನಾದರೂ ಸಲ್ಲಬೇಕು. ಹೋಗಿ ಒಂದು ನೋಟು ಮಡಚಿ ಕೊಟ್ಟೆ. ಬೇಡವೆಂದು ತಲೆಯಾಡಿಸಿದ. ಸಾಲಲಿಲ್ಲವೋ ಏನೋ ಎಂದು ಇನ್ನೊಂದು ಸೇರಿಸಿದೆ. ಅವನು ನೋಟನ್ನೂ ನನ್ನನ್ನೂ ನೋಡಿ, ಬೆನ್ನು ತಿರುಗಿಸಿ ನಡೆದ. ನಾನು ಮೂರನೆಯ ನೋಟಿಗೆ ಪರ್ಸು ತೆರೆಯುತ್ತಿದ್ದೆ.

“ದೊಡ್ಡಮ್ಮ, ಸಾಕ್ ಮಾಡಿ” ಎಂದಳು ಹುಡುಗಿ. ಅಷ್ಟು ಸಿಟ್ಟಿನಲ್ಲಿ ಅವಳು ನನ್ನ ಹತ್ತಿರ ಮಾತಾಡಿದ್ದೇ ಇಲ್ಲ. “ಅವ್ರಿಗ್ ಸಿಟ್ಟ್ ಬಂದದ್ ದುಡ್ಡಿಗಲ್ಲ. ನೀವ್ ಎಂತದೋ ಹೇಳಿದ್ರಿ.”

“ನಾ ಎಂತ ಹೇಳ್ದೆ? ನಂಗ್ ಅವ್ನ್ ಭಾಷಿ ಬತ್ತಿಲ್ಲ, ಅವಂಗ್ ನನ್ ಭಾಷಿ ಬತ್ತಿಲ್ಲ.”

ಮರುದಿನವೂ ಮಾತ್ರೆ ಹೋಗಲಿಲ್ಲ. ದಿನಾ ತಪ್ಪದೆ ಹೋಗದಿದ್ದರೆ ಮೊದಲು ಹೋದದ್ದೂ ದಂಡವಂತೆ. ಮಧ್ಯಾಹ್ನ ಇಬ್ಬರು ಕೆಲಸದವರು ಮರದ ಚೌಕಟ್ಟಿನ ಮೇಲಿದ್ದ ಬಳ್ಳಿ ಕಿತ್ತು ಸ್ವಚ್ಛ ಮಾಡುತ್ತಿದ್ದದ್ದು ಕಾಣಿಸಿತು. ಡಾಕ್ಟರಮ್ಮ ಮಾವುತನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ಬಂದು ನಮ್ಮ ಎದುರು ಕೂತು, ನಗಬೇಕೋ ಬೇಡವೋ ಎಂಬ ಮುಖದಲ್ಲಿ ಕೇಳಿದಳು, “ನೀವು ಅಜ್ಜಿಯನ್ನು ದಿನಾ ‘ಬಾ’ ಎಂದು ಯಾಕೆ ಕೂಗುತ್ತೀರಿ?”

ನಮ್ಮ ‘ಬಾ’ ಅವರ ಮಾತಿನಲ್ಲಿ ಹುಚ್ಚು. ಅದೂ ನಾವು ಎಳೆದು ಕೂಗುವ ‘ಬಾ’ ಇದೆಯಲ್ಲ, ಅದು ಚಾಚೂ ತಪ್ಪದೆ ಹುಚ್ಚೇ. ಮೂರು ದಿನ ನಾನು ಬೇಲಿಯ ಈಚೆ ನಿಂತು “ಹುಚ್ಚಿ, ಹುಚ್ಚಿ, ಹುಚ್ಚಿ” ಎಂದು ಇಡೀ ಕಣಿವೆಗೆ ಕೇಳುವಂತೆ ಕರೆದಿದ್ದೆ. ಬೇರೆ ಆನೆಗಾದರೆ ಅವನು ನಕ್ಕು ಬಿಡುತ್ತಿದ್ದನೋ ಏನೋ. ಕೂಪಿನಲ್ಲಿ ಅಜ್ಜಿಯನ್ನು ಸರಪಳಿಯಲ್ಲಿಟ್ಟದ್ದು ಇದೇ ಮಾತು ಹೇಳಿಯೇ. ಇದು ಹುಚ್ಚಾನೆ, ಬಿಟ್ಟರೆ ಆಗದು ಎಂದು. ಅವಳಿಗೆ ಹುಚ್ಚಿಲ್ಲ, ನೋವಿದೆ ಎಂದು ತೋರಿಸಲು ಮಾವುತನಿಗೆ ಎಷ್ಟೋ ವರ್ಷ ಹಿಡಿದಿತ್ತು. ಈಗ ದುಡ್ಡು ಕೊಟ್ಟು ಬಂದವಳೊಬ್ಬಳು ಅದೇ ಹೆಸರು ಮತ್ತೆ ಇಟ್ಟಿದ್ದಳು, ಮೇಲೆ ನೋಟು ಬೇರೆ ಚಾಚಿದ್ದಳು.

ನನಗೆ ಕೂತ ನೆಲ ಬಾಯಿ ತೆರೆಯಬಾರದೇ ಅನಿಸಿತು. ‘ಬಾ’ ಎಂದರೆ ನಮ್ಮಲ್ಲಿ ಹತ್ತಿರ ಬರಲು ಕರೆಯುವುದು ಎಂದು ಹೇಳಿಸಿದೆ. ಮಾವುತ ಕೇಳಿಸಿಕೊಂಡು ಒಂದೇ ಮಾತು ಹೇಳಿದ. ಬೈದವರೆಲ್ಲ ಆಮೇಲೆ ಒಳ್ಳೆಯ ಅರ್ಥ ಹುಡುಕುತ್ತಾರೆ ಎಂದು. ನಾನು ಅವನ ಜಾಗದಲ್ಲಿದ್ದರೂ ನಂಬುತ್ತಿರಲಿಲ್ಲ. ಮಾತಿನಲ್ಲಿ ಹೇಳಿದ ಸರಕನ್ನು ಯಾರು ಕೊಳ್ಳುತ್ತಾರೆ? ಮಾಲು ತೋರಿಸಬೇಕು.

ಮರುದಿನ ಐದನೆಯ ದಿನ. ಅಲ್ಲಿ ಎಂಟೂವರೆ ಆದರೆ ನಮ್ಮಲ್ಲಿ ಏಳು, ತಂಗಿ ಹಾಲು ಕರೆದು ದನ ಬಿಡುವ ಹೊತ್ತು. ಮಾವುತನನ್ನು, ಡಾಕ್ಟರಮ್ಮನನ್ನು ಕೂರಿಸಿಕೊಂಡು ಬಸ್ರೂರಿಗೆ ವಿಡಿಯೋ ಕಾಲ್ ಮಾಡಿದೆ.

“ಹೆಣ್ಣ್ ಸಮಾ ಊಟ ಮಾಡ್ತಾ ಅಕ್ಕ?” ತಂಗಿಯ ಮೊದಲ ಮಾತು.

“ಮಾಡ್ತ್. ನೀ ಈಗ ಒಂದ್ ಕೆಲ್ಸ ಮಾಡ್. ಫೋನ್ ಹಿಡ್ಕಂಡ್ ದನೀಗ್ ಕರಿ.”

“ಎಂತ?”

“ದನೀಗ್ ‘ಬಾ ಬಾ’ ಅನ್. ಇಲ್ಲಿ ಜನ ಕಾಂತಿದ್ರ್.”

“ನಿಂಗೆಂತ ಮರ್ಲಾ ಅಕ್ಕ? ಅಷ್ಟ್ ದುಡ್ಡ್ ಕೊಟ್ಟ್ ಹೋದ್ದ್ ನಮ್ಮನಿ ದನ ಕಾಂಬುಕಾ?”

ಮರ್ಲು ಎಂದರೂ ಹುಚ್ಚೇ. ಹುಡುಗಿ ಅದನ್ನು ಡಾಕ್ಟರಮ್ಮನಿಗೆ ಹೇಳದೆ ಬಿಡಲಿಲ್ಲ. ತಂಗಿ ಗೊಣಗುತ್ತ ಅಂಗಳಕ್ಕೆ ಬಂದು ಕರೆದಳು. ದನ ಗೊಬ್ಬರದ ಗುಂಡಿಯ ಹತ್ತಿರ ನಿಂತು ನಮ್ಮ ಕಡೆ ನೋಡಿತು. ಬರಲಿಲ್ಲ. ಜೀವಮಾನದಲ್ಲಿ ಎಷ್ಟೋ ವ್ಯಾಪಾರ ಮಾಡಿದ್ದೇನೆ, ಒಂದು ದನದ ಮರ್ಜಿಗೆ ಹೀಗೆ ಕಾದದ್ದಿಲ್ಲ. ತಂಗಿ ಹಿಂಡಿಯ ಬಕೆಟ್ ಎತ್ತಿ ಮತ್ತೆ ಕರೆದಳು. ದನ ಓಡಿಯೇ ಬಂತು.

ಮಾವುತ ಏನೋ ಕೇಳಿದ. ಡಾಕ್ಟರಮ್ಮ ತುಟಿ ಕಚ್ಚಿಕೊಂಡು ದಾಟಿಸಿದಳು. “ಬಂದದ್ದು ಮಾತಿಗೋ ಬಕೆಟಿಗೋ ಎಂದು ಕೇಳುತ್ತಿದ್ದಾನೆ.”

ಭೇಷ್ ಎಂದುಕೊಂಡೆ. ಇವನು ಕುಂದಾಪುರ ಪೇಟೆಯಲ್ಲಿ ಅಂಗಡಿ ಇಟ್ಟರೆ ನಾನು ಬಾಗಿಲು ಹಾಕಬೇಕು.

“ಬಕೆಟ್ ಒಳ್ಗೆ ಇಡ್, ಆಚಿ ಮೂಲಿಗ್ ಹೋಯ್ ಕರಿ” ಎಂದೆ. ತಂಗಿ ಅಂಗಳದ ಆಚೆ ತುದಿಗೆ ಹೋಗಿ, ಬರಿಗೈಯಲ್ಲಿ, “ಬಾ ಬಾ, ಬಾ ಮಗಾ” ಎಂದಳು. ದನ ಬಾಯಾಡಿಸುತ್ತ ನಿಂತಿತು, ಬಾಲ ಬೀಸಿತು, ಮತ್ತೆ ಸಾವಕಾಶ ನಡೆದು ಹೋಗಿ ಅವಳ ಹೆಗಲಿಗೆ ಮೂತಿ ಒರೆಸಿತು.

ಮಾವುತನ ಮುಖ ಸಡಿಲವಾಯಿತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಗಂಟಲು ಸರಿಮಾಡಿ, ತಾನೇ ಅದರೊಳಗೆ “ಬಾ, ಬಾ” ಎಂದ. ದನ ಎರಡೂ ಕಿವಿ ನಿಮಿರಿಸಿ ಫೋನಿನತ್ತ ತಿರುಗಿತು.

“ಅದ್ ಯಾರ್ ಅಕ್ಕ, ನಮ್ಮನಿ ದನೀಗ್ ಕರೂದ್?” ಎಂದಳು ತಂಗಿ. ಅವನು ನಗಲು ಶುರು ಮಾಡಿದವನು ಕೆಮ್ಮು ಬರುವವರೆಗೆ ನಕ್ಕ. ನಾನು ಕೈ ಮುಗಿದೆ. ಅವನೂ ಮುಗಿದ.

ಅವನದೊಂದು ಷರತ್ತಿತ್ತು. ಅಜ್ಜಿಯ ಎದುರು ಆ ಮಾತು ಬೇಡ. ಅವರಲ್ಲಿ ಬಾ ಎನ್ನಲು ‘ಮಾ’ ಎನ್ನಬೇಕು, ಕಲಿಸುತ್ತೇನೆ ಎಂದ. ಇಪ್ಪತ್ತು ಸಲ ಹೇಳಿಸಿದ. ಆ ಭಾಷೆಯಲ್ಲಿ ರಾಗ ಸ್ವಲ್ಪ ಏರಿಳಿದರೆ ಅರ್ಥವೇ ಬೇರೆ. ಡಾಕ್ಟರಮ್ಮ ನಗುತ್ತ ಹೇಳಿದ್ದನ್ನು ಹುಡುಗಿ ನನಗೆ ದಾಟಿಸುತ್ತಿದ್ದಳು.

“ದೊಡ್ಡಮ್ಮ, ಈಗ ನಾಯಿ ಅಂದ್ರಿ.”

“ಈಗ?”

“ಈಗ ಕುದುರಿ.”

ಕಡೆಗೆ ಮಾವುತನೇ ಸೋತು, ನಿಮ್ಮಲ್ಲಿ ಮನುಷ್ಯರನ್ನು ಹೇಗೆ ಕರೆಯುತ್ತೀರಿ ಎಂದು ಕೇಳಿದ. ‘ಹ್ವಾಯ್’ ಎಂದು ತೋರಿಸಿದೆ. ಅವರಲ್ಲಿ ಅದಕ್ಕೆ ಹತ್ತಿರದ ಒಂದು ಮಾತು ಕಪ್ಪೆಚಿಪ್ಪಿಗೆ ಇದೆಯಂತೆ. ಕಪ್ಪೆಚಿಪ್ಪು ಎಂದು ಕರೆದರೆ ಅಜ್ಜಿಗೆ ಬೇಸರವಿಲ್ಲ ಎಂದು ತೀರ್ಮಾನಿಸಿದ.

ಅವತ್ತು ಬೆಳಿಗ್ಗೆಯೇ ಅಜ್ಜಿ ಹೊಳೆ ದಾಟಿ ಬಂದಳು. ಉಂಡೆ ಕೊಟ್ಟದ್ದು ಮಾವುತ, ಇನ್ನೊಂದನ್ನು ಎತ್ತಿ ತೋರಿಸಿದವಳು ನಾನು. ಮೂರು, ನಾಲ್ಕು, ಗುಳುಂ ಗುಳುಂ. ಡಾಕ್ಟರಮ್ಮ ಚೌಕಟ್ಟಿನ ಕೆಲಸ ನಿಲ್ಲಿಸಲು ಹೇಳಿದಳು. ಆಮೇಲೆ ಒಂದೂ ದಿನ ಮಾತ್ರೆ ತಪ್ಪಲಿಲ್ಲ. ನಾವು ಹೊರಡಲು ಮೂರು ದಿನ ಇರುವಾಗ ಹುಣ್ಣು ಒಡೆದು ಕೀವು ಹರಿಯಿತು. ಹುಡುಗಿ ಮೊಣಕಾಲೂರಿ ಕೂತು, ಎರಡು ಹೊತ್ತು ಉಪ್ಪುನೀರಿನಲ್ಲಿ ಆ ಕಾಲು ತೊಳೆದಳು. ಕಡೆಯ ದಿನ ಅಜ್ಜಿ ಮರಕ್ಕೆ ಒರಗದೆ, ನಾಲ್ಕೂ ಕಾಲು ಊರಿ ನಿಂತು ಕುಂಬಳಕಾಯಿ ಒಡೆದು ತಿಂದಳು. ನನ್ನ ಎರಡು ಲಕ್ಷದ ಹದಿನೆಂಟು ಸಾವಿರದಲ್ಲಿ ಒಂದು ರೂಪಾಯಿಯೂ ದಂಡವಾಗಲಿಲ್ಲ ಎಂದು ನಾನು ಅಂದುಕೊಂಡದ್ದು ಆ ಹೊತ್ತಿಗೆ.

ನೀವೂ ಹೋಗುವುದಾದರೆ ಕೇಳಿ. ಆನೆಯ ಮೇಲೆ ಸವಾರಿ ಉಂಟು, ಆನೆ ಚಿತ್ರ ಬಿಡಿಸುತ್ತದೆ ಎಂದು ಹೇಳುವ ಕಡೆಗೆ ಹೋಗಬೇಡಿ. ಅದು ಬೇರೆ ವ್ಯಾಪಾರ. ಕೊಟ್ಟ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ಹೊರಡುವ ಮೊದಲೇ ಕೇಳಿ, ಸರಿಯಾಗಿ ಹೇಳುವವರಾದರೆ ಮೇವಿನ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ. ಗಾಡಿ, ಗಂಬೂಟು, ಬಟ್ಟೆ ಒಗೆಯುವುದು ಇಂಥದ್ದರಲ್ಲಿ ಎಳೆಯಿರಿ, ಅಲ್ಲಿ ಬಿಡುತ್ತಾರೆ. ವೀಸಾದ ನಿಯಮ ಆಗಾಗ ಬದಲಾಗುತ್ತದೆ, ಹೋದ ವರ್ಷ ಹೋಗಿ ಬಂದವರ ಮಾತು ನಂಬದೆ ನೀವೇ ನೋಡಿಕೊಳ್ಳಿ. ಮನೆಯಲ್ಲಿ ಪ್ರಾಣಿಗಳನ್ನು ಕರೆಯುವ, ಗದರಿಸುವ, ಓಡಿಸುವ ನಿಮ್ಮ ನಾಲ್ಕಾರು ಮಾತುಗಳನ್ನು ಮೊದಲ ದಿನವೇ ಅಲ್ಲಿಯವರ ಎದುರು ಮೆಲ್ಲಗೆ ಹೇಳಿ ಕೇಳಿಸಿ. ಅವರ ಹುಬ್ಬು ಗಂಟಾದರೆ ಆ ಮಾತು ಬಿಟ್ಟುಬಿಡಿ. ಪ್ರಾಣಿಯ ಹತ್ತಿರ ಹೋಗುವ ಮೊದಲು ಅದನ್ನು ನೋಡಿಕೊಳ್ಳುವವನ ಹತ್ತಿರ ಹೋಗಿ, ಎಲ್ಲಿ ನಿಲ್ಲಬೇಕು, ಏನು ಹೇಳಬೇಕು ಎಂದು ಅವನನ್ನೇ ಕೇಳಿ. ಅವನು ಸಿಟ್ಟಾದರೆ ಪರ್ಸು ತೆರೆಯಬೇಡಿ. ನಾನೇನು ತಪ್ಪು ಮಾಡಿದೆ ಎಂದು ಕೇಳಿಸಿ, ಉತ್ತರ ಬರುವವರೆಗೆ ಅಲ್ಲೇ ಕೂತಿರಿ.